ಬೆಂಕಿಕೈಯವರ ವಂಶವೃಕ್ಷ

ಜನವರಿ ೧೧

ಅಕ್ಕನಿಗೆ,

ಲಕೋಟೆಯ ಮೇಲಿನ ಕಾಗೆಕಾಲಿನ ಅಕ್ಷರ ನೋಡಿಯೇ ನನ್ನದೆಂದು ಗುರುತು ಸಿಕ್ಕಿರುತ್ತದೆ. ಹರಿದು ಹಾಕುವ ಮೊದಲು ಓದು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೆಯ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಒಂದು ಉಪಕಾರ ಬೇಕು. ದುಡ್ಡಲ್ಲ, ಬೇಕರಿಯಲ್ಲಿ ಪಾಲೂ ಅಲ್ಲ. ಭಾವನಿಗೆ ಹೇಳು, ನಿಶ್ಚಿಂತೆಯಿಂದಿರಲಿ.

ನನ್ನನ್ನು ಬಸ್ಸಿನಿಂದ ಇಳಿಸಿದ್ದಾರೆ. ಈಗ ಡಿಪೋದಲ್ಲಿ ಕೂತು ಬೇರೆ ಡ್ರೈವರುಗಳು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುವುದು ನನ್ನ ಕೆಲಸ. ಎರಡು ವರ್ಷದಿಂದ ಕಾಲಿನ ಬೆರಳುಗಳು ಮರಗಟ್ಟಿದ ಹಾಗಿದ್ದವು. ದಿನವೆಲ್ಲ ಕ್ಲಚ್ ತುಳಿಯುವವನಿಗೆ ಇದು ಇದ್ದದ್ದೇ ಎಂದುಕೊಂಡೆ. ಆಮೇಲೆ ಪಾದ ಹೋಯಿತು, ಆಮೇಲೆ ಹಿಮ್ಮಡಿ. ಹೋದ ತಿಂಗಳು ನಿಲ್ದಾಣದೊಳಗೆ ಬಸ್ಸು ತಿರುಗಿಸುವಾಗ ಬ್ರೇಕ್ ಒತ್ತಿದ್ದೇನೆ ಎಂದೇ ನನ್ನ ಲೆಕ್ಕ. ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ. ಬಸ್ಸು ಹೋಗಿ ಕಂಬಕ್ಕೆ ಗುದ್ದಿತು. ಕಂಬದ ಪಕ್ಕ ನಿಂತಿದ್ದ ಹೆಂಗಸು ಮಗುವನ್ನು ಎಳೆದುಕೊಂಡು ಆಚೆ ಹಾರಿದಳು. ಇಬ್ಬರಿಗೂ ಏನೂ ಆಗಲಿಲ್ಲ. ನನ್ನ ಕೈ ನಡುಗಬೇಕಿತ್ತು, ಮೈ ಬೆವರಬೇಕಿತ್ತು. ಅದಾವುದೂ ಆಗಲಿಲ್ಲ. ಕೆಳಗಿಳಿದು ಕಂಬ ಎಷ್ಟು ಬಾಗಿದೆ ಎಂದು ನೋಡುತ್ತ ನಿಂತೆ.

ಆಸ್ಪತ್ರೆಯ ಡಾಕ್ಟರಮ್ಮ ಕಣ್ಣು ಮುಚ್ಚಿಸಿ ಪಾದಕ್ಕೆ ಸೂಜಿ ಚುಚ್ಚಿದರು. ಚುಚ್ಚಿದ್ದು ನನಗೆ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಕುಡಿತವೂ ಇಲ್ಲ. "ನಿಮ್ಮ ತಂದೆ ಏನಾಗಿ ತೀರಿಕೊಂಡ್ರು? ತಾತ? ಅವರ ತಂದೆ?" ಎಂದು ಒಂದೇ ಸಮನೆ ಕೇಳಿದರು. ಅಪ್ಪನ ಕಡೆಯವರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಕಥೆ. ಅವರಿಗೆ ಕಥೆ ಬೇಡ, ಯಾರು ಯಾವ ವಯಸ್ಸಿಗೆ ಏತರಿಂದ ಹೋದರು ಎನ್ನುವುದು ಬೇಕು. ಇದು ವಂಶದಲ್ಲಿ ಹರಿದು ಬಂದದ್ದಾದರೆ ಒಂದು ಔಷಧಿ ಇದೆಯಂತೆ. ಆದರೆ ಅದರ ರಕ್ತಪರೀಕ್ಷೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು, ಮನೆತನದಲ್ಲಿ ಇದೆ ಎನ್ನಲು ಏನಾದರೂ ಆಧಾರ ಇದ್ದರೆ ಮಾತ್ರ ಅವರು ತೆಗೆದುಕೊಳ್ಳುತ್ತಾರೆ. ತಡವಾದರೆ ಔಷಧಿಯಿಂದಲೂ ಉಪಯೋಗವಿಲ್ಲವಂತೆ.

ಪುರಸಭೆಯಲ್ಲಿ ಸತ್ತವರ ದಾಖಲೆ ಇರುತ್ತದೆ. ಊರಿನಲ್ಲಿ ಇರುವವಳು ನೀನು.

ಇವನು ನಮ್ಮ ಮನೆಯವನಲ್ಲ ಎಂದು ಅಪ್ಪ ನಾಲ್ಕು ಜನರ ಮುಂದೆ ಹೇಳಿದ್ದು ನಾನು ಮರೆತಿಲ್ಲ. ನೀನೂ ಅಲ್ಲೇ ನಿಂತಿದ್ದೆ. ಹೋಗಲಿ, ನಿನ್ನ ಅಪ್ಪ ಏನಾಗಿ ಸತ್ತರು ಎಂದಾದರೂ ಬರೆದು ಕಳಿಸು.

ನಿನ್ನ ತಮ್ಮ


ಜನವರಿ ೨೩

ತಮ್ಮನಿಗೆ,

ಹರಿದು ಹಾಕಲಿಲ್ಲ. ಮೈದಾ ಡಬ್ಬದ ಮೇಲೆ ಇಟ್ಟು, ಅದರ ಸುತ್ತ ಓಡಾಡಿಕೊಂಡಿದ್ದೆ. ನಿನ್ನ ಭಾವ ಅದನ್ನು ಯಾರದೋ ಬಾಕಿ ಚೀಟಿ ಎಂದು ತಿಳಿದು ಕೌಂಟರಿಗೆ ಒಯ್ದು ಗಟ್ಟಿಯಾಗಿ ಓದಲು ಶುರು ಮಾಡಿದರು. ಕಿತ್ತುಕೊಂಡು ಬಂದೆ.

ಕಾಲಿನ ವಿಷಯ ಓದಿ ನನಗೆ ದುಃಖವಾಗಬೇಕಿತ್ತು. ಸುಳ್ಳು ಬರೆಯಲಾರೆ, ಏನೂ ಆಗಲಿಲ್ಲ. ಎಷ್ಟೋ ವರ್ಷದಿಂದ ನನಗೆ ಯಾವುದೂ ಬೇಗ ಆಗುವುದಿಲ್ಲ. ಅಪ್ಪ ಹೋದಾಗಲೂ ಜನ ಬಂದು ಅತ್ತರು, ನಾನು ಅವರಿಗೆ ಚಹಾ ಕೊಟ್ಟೆ.

ನಿನ್ನ ಡಾಕ್ಟರಮ್ಮನಿಗಾಗಿ ಮೊದಲು ಮನೆಯ ಕಥೆ ಬರೆಯುತ್ತೇನೆ. ಕಥೆ ಬೇಡ ಎಂದರೂ ನಮ್ಮ ಮನೆಯಲ್ಲಿ ಅದು ಬಿಟ್ಟು ಬೇರೇನಿದೆ? ಮುತ್ತಾತ ಈ ಬೇಕರಿ ಹಾಕಿದವರು. ಭಟ್ಟಿಯಿಂದ ತೆಗೆದ ಟ್ರೇಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಎತ್ತಿ ಗಿರಾಕಿಯ ಮುಂದೆ ಇಡುತ್ತಿದ್ದರು. ಊರು ಅವರಿಗೆ ಬೆಂಕಿಕೈ ಎಂದು ಹೆಸರಿಟ್ಟಿತು. ಅದೇ ಅಂಗಡಿಯ ಬೋರ್ಡಾಯಿತು, ಅದೇ ಮನೆತನದ ಹೆಸರಾಯಿತು. ಬೇಕರಿಗೆ ಬೆಂಕಿ ಬಿದ್ದಾಗ ಅದನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟರು. ತಾತ ದೊಡ್ಡ ಊಟಗಾರ, ಹೊಟ್ಟೆ ಕೆಟ್ಟು ಹೋದರು. ದೊಡ್ಡಪ್ಪ ಮೆಟ್ಟಿಲಿನಿಂದ ಬಿದ್ದರು, ಕುಡಿದಿದ್ದರು ಎನ್ನುತ್ತಾರೆ. ಅಪ್ಪನಿಗೆ ಎದೆ ನಿಂತಿತು. ಈ ಮೂವರಿಗೂ ಬೆಂಕಿಕೈ ಇತ್ತು. ಅಪ್ಪನಿಗಂತೂ ಕಾಲೂ ಹಾಗೇ. ಒಮ್ಮೆ ಕೆಂಡದ ಮೇಲೆ ನಿಂತುಕೊಂಡೇ ಗಿರಾಕಿಯ ಹತ್ತಿರ ಹರಟುತ್ತಿದ್ದರು, ಚಪ್ಪಲಿಯಿಂದ ಹೊಗೆ ಬಂದು ಗಿರಾಕಿಯೇ ಕೂಗಿಕೊಂಡ. ಇದನ್ನು ಹೇಳಿ ನಕ್ಕಷ್ಟು ನಾವು ಬೇರೆ ಯಾವುದಕ್ಕೂ ನಕ್ಕಿಲ್ಲ.

ಹತ್ತು ತುಂಬಿದ ಗಂಡುಮಕ್ಕಳನ್ನು ಭಟ್ಟಿಯ ಮುಂದೆ ನಿಲ್ಲಿಸಿ ಟ್ರೇ ಹಿಡಿಸುವುದು ನಮ್ಮ ಮನೆಯ ಪದ್ಧತಿ. ನೀನು ಹಿಡಿದೆ, ಕಿರುಚಿದೆ, ಬನ್ನೆಲ್ಲ ನೆಲದ ಪಾಲು ಮಾಡಿದೆ. ಅಪ್ಪ ಆ ಮಾತು ಆಡಿದ್ದು ತಪ್ಪೇ. ನಿನ್ನನ್ನು ಸೋದರಮಾವನ ಮನೆಗೆ ಕಳಿಸಿದ್ದೂ ತಪ್ಪೇ ಇರಬಹುದು. ಆದರೆ ನಾನು ಆಗ ಹದಿನಾಲ್ಕರ ಹುಡುಗಿ, ನನ್ನನ್ನು ಯಾರೂ ಕೇಳಲಿಲ್ಲ.

ಹೆಣ್ಣುಮಕ್ಕಳಿಗೆ ಆ ಪರೀಕ್ಷೆ ಇರಲಿಲ್ಲ. ಅಪ್ಪ ಇರುವವರೆಗೂ ನಾನು ಬಟ್ಟೆ ಹಿಡಿದೇ ಟ್ರೇ ಎತ್ತಿದವಳು. ಅವರು ಹೋದ ಎಷ್ಟೋ ವರ್ಷಕ್ಕೆ ನನಗೂ ಅದು ಬಂತು. ಒಂದು ದಿನ ಬಟ್ಟೆ ಮರೆತು ಎತ್ತಿಬಿಟ್ಟೆ, ಏನೂ ಆಗಲಿಲ್ಲ. ಅಪ್ಪ ಆಶೀರ್ವಾದ ಮಾಡಿದ ಹಾಗೆ ಅನ್ನಿಸಿತು. ಈಗ ನನ್ನ ಮಗಳಿಗೂ ಬಂದಿದೆ. ಓದು ಮುಗಿಸಿ ಬೇಕರಿಗೆ ಬಂದವಳು ಬಂದ ವಾರವೇ ಬರಿಗೈಯಲ್ಲಿ ಟ್ರೇ ಎತ್ತಿದಳು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಕೊಂಡೆ, ಅಷ್ಟು ಸಂತೋಷ.

ಪುರಸಭೆಗೆ ಹೋಗುತ್ತೇನೆ. ಕಾಲಿಗೆ ಉಗುರುಬೆಚ್ಚಗಿನ ನೀರೇ ಹಾಕಿಕೋ, ಬಿಸಿ ಎಷ್ಟಿದೆ ಎಂದು ಹೆಂಡತಿಯ ಕೈಯಲ್ಲಿ ನೋಡಿಸು.

ನಿನ್ನ ಅಕ್ಕ


ಫೆಬ್ರವರಿ ೨೬

ತಮ್ಮನಿಗೆ,

ಜನನ ಮರಣ ವಿಭಾಗದ ಗುಮಾಸ್ತನಿಗೆ ಊರಿನವರು ನಾಳೆಬಾ ಎಂದು ಹೆಸರಿಟ್ಟಿದ್ದಾರೆ. ಮನುಷ್ಯ ಹೆಸರಿಗೆ ತಕ್ಕ ಹಾಗೇ ಇದ್ದಾನೆ.

"ಯಾರ ಮರಣ ಬೇಕು?" ಎಂದ.

"ಎಲ್ಲರದೂ."

"ಎಲ್ಲರದೂ ಅಂದ್ರೆ?"

"ನಮ್ಮ ಮನೆಯವರದು. ಮುತ್ತಾತನಿಂದ ಶುರು ಮಾಡಿ ಅಪ್ಪನವರೆಗೆ."

"ನಾಳೆ ಬನ್ನಿ."

ನಾನು ಹಾಗೇ ಎಷ್ಟು ನಾಳೆ ಹೋದೆನೋ. ಕೊನೆಗೆ ಬಿಸಿ ಬನ್ನಿನ ಪೊಟ್ಟಣ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಬಿಚ್ಚಿಟ್ಟೆ. ಬೆಣ್ಣೆಯ ವಾಸನೆಗೆ ಪಕ್ಕದ ಕಂದಾಯ ವಿಭಾಗವೂ ಎದ್ದು ಬಂತು. ಬೀಗ ತೆಗೆದು ಒಳಗೆ ಬಿಟ್ಟರು.

ದಾಖಲೆ ಕೋಣೆಗೆ ಕಿಟಕಿ ಒಂದೇ, ಅದಕ್ಕೂ ಕಪಾಟು ಅಡ್ಡ. ಒಂದೊಂದು ವರ್ಷಕ್ಕೆ ಒಂದೊಂದು ದಪ್ಪ ಪುಸ್ತಕ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಉಸಿರು ಬಿಟ್ಟರೆ ಪುಡಿ ಹಾರುತ್ತದೆ. ಸತ್ತವರ ವಯಸ್ಸು, ಕಸಬು, ಕಾರಣ, ಸುದ್ದಿ ಕೊಟ್ಟವರು ಎಂದು ಗೆರೆ ಎಳೆದು ಮನೆ ಹಾಕಿದ್ದಾರೆ. ಊರಿನ ಅರ್ಧ ಜನ ಜ್ವರದಿಂದ ಸತ್ತಿದ್ದಾರೆ, ಉಳಿದರ್ಧ ಮುಪ್ಪಿನಿಂದ. ಗುಮಾಸ್ತನಿಗೆ ಬೇಜಾರಾದ ದಿನ ಎಲ್ಲರಿಗೂ ಜ್ವರ.

ನಮ್ಮವರನ್ನು ಹುಡುಕುವುದಕ್ಕೆ ಕಷ್ಟವಾಗಲಿಲ್ಲ, ಕಸಬಿನ ಮನೆಯಲ್ಲಿ ರೊಟ್ಟಿ ಸುಡುವವರು ಎಂದು ಬರೆದಿದ್ದಾರೆ. ಕಷ್ಟವಾದದ್ದು ನಂಬುವುದು. ಮುತ್ತಾತ ಬೆಂಕಿಯಲ್ಲಿ ಸಾಯಲಿಲ್ಲ. ಧರ್ಮಾಸ್ಪತ್ರೆಯಲ್ಲಿ, ಐವತ್ತನೇ ವಯಸ್ಸಿಗೆ, ಕಾರಣ: ಅಂಗಾಲಿನ ಹುಣ್ಣು, ನಿತ್ರಾಣ. ಬೇಕರಿ ಸುಟ್ಟ ವರ್ಷ ಕಂದಾಯ ಮನ್ನಾ ಮಾಡಿದ ಆದೇಶವನ್ನು ಪಕ್ಕದ ವಿಭಾಗದಲ್ಲಿ ತೆಗೆಸಿ ನೋಡಿದೆ. ಅಷ್ಟು ಹೊತ್ತಿಗೆ ಅವರು ಸತ್ತು ಎಷ್ಟೋ ವರ್ಷವಾಗಿತ್ತು. ಇಷ್ಟು ದಿನ ಅವರ ಕಥೆ ಹೇಳಿ ಬನ್ನು ಮಾರಿದ್ದೇವೆ. ತಾತನಿಗೂ ನಿತ್ರಾಣ, ವಯಸ್ಸು ಐವತ್ತೆರಡು. ದೊಡ್ಡಪ್ಪ ಕುಡಿಯುತ್ತಿರಲಿಲ್ಲ. ಪಾದದಲ್ಲಿ ಸ್ವಾಧೀನವಿಲ್ಲದೆ ಬಿದ್ದು ತಲೆಗೆ ಪೆಟ್ಟು ಎಂದು ಬರೆದಿದೆ. ಪಾಪದ ಮನುಷ್ಯನನ್ನು ಕುಡುಕ ಮಾಡಿ ಇಟ್ಟಿದ್ದೆವು. ಅಪ್ಪನದು ಎದೆಯೇ, ಐವತ್ನಾಲ್ಕು. ಅಪ್ಪನ ಚಿಕ್ಕಪ್ಪ ಒಬ್ಬರು ಎಂಬತ್ತು ದಾಟಿ ಮುಪ್ಪಿನಿಂದ ಹೋಗಿದ್ದಾರೆ. ಅವರಿಗೆ ಬೆಂಕಿಕೈ ಬರಲೇ ಇಲ್ಲವಂತೆ, ಗಾಡಿ ಹೊಡೆದುಕೊಂಡಿದ್ದರು.

ದಾಖಲೆಯಲ್ಲಿ ಯಾರಿಗೆ ಯಾರು ಏನಾಗಬೇಕು ಎಂದು ತಿಳಿಯದೆ ಸೋದರತ್ತೆಯ ಮನೆಗೆ ಹೋದೆ. ಅಪ್ಪನ ಅಕ್ಕ. ಅಪ್ಪನ ಜತೆ ಮಾತು ಬಿಟ್ಟ ಮೇಲೆ ನಮ್ಮ ಮನೆಗೆ ಕಾಲಿಟ್ಟವರಲ್ಲ, ನಿನಗೆ ಅವರ ಮುಖವೇ ನೆನಪಿರಲಾರದು. ಎಂಬತ್ತಾರು ವಯಸ್ಸು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಸಂಬಂಧಗಳನ್ನೆಲ್ಲ ಸರಿಯಾಗಿ ಹೇಳಿದರು. ಆಮೇಲೆ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿ, "ನೀನೂ ಬರಿಗೈಯಲ್ಲಿ ಎತ್ತುತೀಯಾ?" ಎಂದು ಕೇಳಿದರು. ಹೂಂ ಎಂದೆ. ಕೈ ಬಿಟ್ಟರು. ದಾರ ಕತ್ತರಿಸಿದರು.

ಇದರ ಜತೆ ವಂಶವೃಕ್ಷ ಬರೆದು ಇಟ್ಟಿದ್ದೇನೆ. ಎಲ್ಲರ ವಯಸ್ಸು, ಕಾರಣ ಅದರಲ್ಲೇ ಇದೆ. ಬೆಂಕಿಕೈ ಇದ್ದವರ ಹೆಸರಿನ ಪಕ್ಕ ಕೆಂಪು ಚುಕ್ಕೆ. ನನಗೂ ಹಾಕಿಕೊಂಡಿದ್ದೇನೆ, ಮಗಳಿಗೂ ಹಾಕಿದ್ದೇನೆ. ನಿನಗೆ ಹಾಕಿಲ್ಲ. ನೋಡಿ ಸ್ವಲ್ಪ ಹೊಟ್ಟೆ ಉರಿದುಕೋ.

ನಿನ್ನ ಅಕ್ಕ


ಮಾರ್ಚ್ ೧೯

ಅಕ್ಕನಿಗೆ,

ಇದನ್ನು ಎರಡು ಸಲ ಬರೆದು ಬಿಸಾಡಿದೆ. ಈ ಸಲ ಹೇಗೆ ಬಂದರೆ ಹಾಗೆ ಕಳಿಸುತ್ತೇನೆ. ಕೂತುಕೊಂಡು ಓದು. ಅಂಗಡಿಯಲ್ಲಿ ಓದಬೇಡ.

ನಿನ್ನ ವಂಶವೃಕ್ಷವನ್ನು ಡಾಕ್ಟರಮ್ಮನ ಮೇಜಿನ ಮೇಲೆ ಹರಡಿದೆ. ಅವರು ಮೊದಲು ಕಾರಣಗಳನ್ನು ಓದಿದರು, ಆಮೇಲೆ ವಯಸ್ಸು. ಪೆನ್ನಿನ ತುದಿ ಒಂದು ಕಡೆ ನಿಂತಿತು. "ಈ ಕೆಂಪು ಚುಕ್ಕೆ ಏನು?" ಎಂದರು.

ನಾನು ನಗುತ್ತ ಹೇಳಿದೆ. ನಮ್ಮದು ಬೆಂಕಿಕೈ ಮನೆತನ, ಸುಡುವ ಟ್ರೇ ಹಿಡಿದರೂ ನಮ್ಮವರಿಗೆ ಸುಡುವುದಿಲ್ಲ, ನಾನೊಬ್ಬ ಕುಲಗೇಡಿ ಎಂದು. ಅಪ್ಪನ ಚಪ್ಪಲಿಯ ಕಥೆಯನ್ನೂ ಹೇಳಿದೆ. ಅದಕ್ಕೆ ನಗದವರನ್ನು ನಾನು ನೋಡಿದ್ದು ಅದೇ ಮೊದಲು.

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಚುಕ್ಕೆ ಇರೋರ ವಯಸ್ಸು ಓದಿ" ಎಂದರು. ಓದಿದೆ. "ಈಗ ಇಲ್ಲದವರದು." ಅದನ್ನೂ ಓದಿದೆ. ಗಾಡಿ ಹೊಡೆದ ಚಿಕ್ಕತಾತ, ಸೂಜಿಗೆ ದಾರ ಪೋಣಿಸುವ ಅತ್ತೆ.

ಅಕ್ಕ, ಅದು ವರ ಅಲ್ಲ, ಕಾಯಿಲೆ. ನನ್ನ ಕಾಲಿಗೆ ಬಂದದ್ದೂ ಅದೇ. ಮೊದಲು ಬಿಸಿ ತಿಳಿಯುವುದು ನಿಲ್ಲುತ್ತದೆ, ಆಮೇಲೆ ನೋವು, ಆಮೇಲೆ ಶಕ್ತಿ, ಕೊನೆಗೆ ಎದೆಗೆ ಹೋಗುತ್ತದೆ. ಕೆಲವರಿಗೆ ಕಾಲಿನಿಂದ ಶುರು, ಕೆಲವರಿಗೆ ಕೈಯಿಂದ. ಅದರ ಹೆಸರು ಒಂದು ಸಾಲಿನಷ್ಟು ಉದ್ದ ಇದೆ, ಬರೆದುಕೊಟ್ಟಿದ್ದಾರೆ, ಓದಲು ನನಗೆ ಬರುವುದಿಲ್ಲ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬಂದರೂ ಬಂತು, ಬಿಟ್ಟರೂ ಬಿಟ್ಟಿತು. ನನ್ನ ರಕ್ತ ದೊಡ್ಡ ಆಸ್ಪತ್ರೆಗೆ ಹೋಯಿತು. ನಿನ್ನ ಹಾಳೆಯೇ ಆಧಾರವಾಯಿತು.

ಹೊರಡುವಾಗ ಅವರು ಎರಡು ಚುಕ್ಕೆಗಳ ಮೇಲೆ ಬೆರಳಿಟ್ಟು ಕೇಳಿದರು, "ಇವರಿಬ್ಬರು ಬದುಕಿದ್ದಾರಾ?"

ನನಗೆ ಇನ್ನು ಬರೆಯಲು ಆಗುತ್ತಿಲ್ಲ. ನೀನೂ ಅವಳೂ ಒಂದು ಸಲ ಬಂದು ರಕ್ತ ಕೊಡಿ.

ತಮ್ಮ


ಏಪ್ರಿಲ್ ೯

ತಮ್ಮನಿಗೆ,

ಕಾಗದ ತಲುಪಿತು. ಇಲ್ಲಿ ಮೈದಾ ಸರಿಯಾಗಿ ಬರುತ್ತಿಲ್ಲ, ಹೊಸ ಗಿರಣಿಯವನು ತೌಡು ಬೆರೆಸುತ್ತಾನೆ. ಹಿಟ್ಟು ಉಬ್ಬುತ್ತದೆ, ಮತ್ತೆ ಕೂತುಬಿಡುತ್ತದೆ. ಭಟ್ಟಿಯ ಬಾಗಿಲಿನ ಕೀಲು ಸಡಿಲವಾಗಿತ್ತು, ಬೆಸುಗೆ ಹಾಕಿಸಿದೆವು. ಬೋರ್ಡಿಗೆ ಬಣ್ಣ ಹೊಡೆಯುವವನು ಬಂದಿದ್ದ, ಆಮೇಲೆ ನೋಡೋಣ ಎಂದು ಕಳಿಸಿದೆ.

ಮಗಳು ಚೆನ್ನಾಗಿದ್ದಾಳೆ. ಅವಳ ಕೆಲಸ ಚುರುಕು.

ನಿನ್ನ ಅಕ್ಕ


ಏಪ್ರಿಲ್ ೨೧

ಅಕ್ಕನಿಗೆ,

ನೀನು ಮೈದಾ ಬಗ್ಗೆ ಎಷ್ಟು ಬೇಕಾದರೂ ಬರೆ, ಓದುತ್ತೇನೆ. ಆದರೆ ರಕ್ತ ಕೊಡುವವರೆಗೂ ನಾನು ಇದನ್ನೇ ಬರೆಯುತ್ತಿರುತ್ತೇನೆ.

ನನ್ನ ರಕ್ತಪರೀಕ್ಷೆಯ ಚೀಟಿ ಬಂತು. ಇದೆ. ಔಷಧಿ ಶುರುವಾಗಿದೆ. ಇರುವುದನ್ನು ಇದ್ದಲ್ಲೇ ನಿಲ್ಲಿಸುತ್ತದಂತೆ, ಹೋದದ್ದು ವಾಪಸು ಬರುವುದಿಲ್ಲ. ಬಸ್ಸು ಇನ್ನು ನನ್ನ ಪಾಲಿಗಿಲ್ಲ. ಚೀಟಿ ಓದಿದಾಗ ನನಗೆ ಮೊದಲು ಬಂದ ಯೋಚನೆ ಯಾವುದು ಗೊತ್ತೇ? ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು ಎಂದು. ನೋಡಿ, ನಾನು ನಿಮ್ಮ ಮನೆಯವನೇ ಎಂದು. ಬಸ್ ಸ್ಟಾಪಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ. ಹೆಂಡತಿ ತೋಳು ಹಿಡಿದು ಎಬ್ಬಿಸಿದಳು, ನಮ್ಮ ಬಸ್ಸು ಬಂದು ಹೋಗಿತ್ತು.

ನಿನಗೆ ನಲವತ್ತೊಂಬತ್ತು ಅಕ್ಕ. ಮಗಳಿಗೆ ಇಪ್ಪತ್ಮೂರು. ಅವಳಿಗೆ ಹೇಳಿದೆಯಾ?

ತಮ್ಮ


ಮೇ ೨೭

ತಮ್ಮನಿಗೆ,

ಹೇಳಿರಲಿಲ್ಲ. ನಿನ್ನ ಮೇಲೆ ಸಿಟ್ಟು ಬಂದಿತ್ತು. ಹೊಟ್ಟೆಕಿಚ್ಚಿನವನು, ನಮ್ಮ ಮನೆಯ ಹೆಸರಿಗೇ ಮಸಿ ಬಳಿಯಲು ಡಾಕ್ಟರನ್ನು ಕಟ್ಟಿಕೊಂಡು ಬಂದಿದ್ದಾನೆ ಎಂದು ಗೋಡೆಗೆ ಬೈದುಕೊಂಡೆ. ಆಮೇಲೆ ಅಡುಗೆಮನೆಯಲ್ಲಿ ಕೂತು ಬಲಗೈ ಬೆರಳಿಗೆ ಸೂಜಿ ಚುಚ್ಚಿ ನೋಡಿದೆ. ರಕ್ತ ಬಂತು, ನೋವು ಬರಲಿಲ್ಲ. ಹೆದರಿಕೆಯೂ ಬರಲಿಲ್ಲ. ರಕ್ತ ಒರೆಸಿ ಸೂಜಿಯನ್ನು ಅದರ ಜಾಗದಲ್ಲಿ ಇಟ್ಟೆ.

ಅತ್ತೆಯ ಹತ್ತಿರ ಮತ್ತೆ ಹೋದೆ. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ನಂಗೆ ಕಾಯಿಲೆ ಅಂತ ಗೊತ್ತಿರ್ಲಿಲ್ಲ. ಎತ್ತೋರೆಲ್ಲ ಬೇಗ ಹೋಗ್ತಾರೆ ಅಂತ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿದ್ದಕ್ಕೇ ನಿಮ್ಮಪ್ಪ ನನ್ನ ಜತೆ ಮಾತು ಬಿಟ್ಟಿದ್ದು" ಎಂದರು.

"ಹುಟ್ಟುವಾಗಲೇ ಬರುತ್ತಾ ಇದು? ಅಪ್ಪ ಹತ್ತು ವರ್ಷಕ್ಕೇ ಟ್ರೇ ಹಿಡಿದಿದ್ರಲ್ಲ?" ಎಂದು ಕೇಳಿದೆ.

ಅತ್ತೆ ನಕ್ಕರು. ಅದು ಒಳ್ಳೆಯ ನಗುವಲ್ಲ. "ಹತ್ತು ವರ್ಷದ ಮಗೂಗೆ ಸುಡದೇ ಇರುತ್ತೇನೇ? ನಿಮ್ಮಪ್ಪನ ಕೈಗೆ ಕೊಟ್ಟಿದ್ದು ಆರಿದ ಟ್ರೇ. ನಮ್ಮಮ್ಮ ಮುಂಚೆನೇ ಒಂದು ಟ್ರೇ ಹಿತ್ತಲಲ್ಲಿ ಆರಿಸಿಟ್ಟು, ಗಂಡಸರ ಬೆನ್ನ ಹಿಂದೆ ಬದಲಾಯಿಸಿದ್ಲು. ಅವಳಿಗೆ ಅವಳತ್ತೆ ಹೇಳ್ಕೊಟ್ಟಿದ್ದು. ನಿಮ್ಮಮ್ಮಂಗೆ ನಮ್ಮಮ್ಮ ಹೇಳ್ಕೊಟ್ಟಿದ್ಲು. ಗಂಡಸರಿಗೆ ಯಾರಿಗೂ ಗೊತ್ತಿಲ್ಲ. ತಾವು ಹುಟ್ಟಾ ಬೆಂಕಿಕೈ ಅಂತಾನೇ ಅಂದ್ಕೊಂಡು ಸತ್ರು. ನಿಜವಾಗಿ ಬರೋದು ಮೂವತ್ತೈದು ನಲವತ್ತು ದಾಟಿದ ಮೇಲೆ."

ಆಮೇಲೆ ಅವರೇ ಕೇಳಿದರು, "ನಿನ್ನ ತಮ್ಮಂಗೆ ಟ್ರೇ ಹಿಡಿಸಿದಾಗ ನಿಮ್ಮಮ್ಮ ಎಲ್ಲಿದ್ಲು?"

ಅಮ್ಮ ಹೋಗಿ ಆಗ ಒಂದು ವರ್ಷವಾಗಿತ್ತು. ನಿನಗೆ ಕೊಟ್ಟದ್ದು ಬಿಸಿ ಟ್ರೇ. ಬದಲಾಯಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮ ನನಗಾದರೂ ಹೇಳಿಕೊಟ್ಟಿರಬಹುದಿತ್ತು. ನಾನು ಹೆಣ್ಣುಮಗಳು, ಬೇರೆ ಮನೆಗೆ ಹೋಗುವವಳು, ಮುಂದೆ ಬರುವ ಸೊಸೆಗೆ ಹೇಳಿದರಾಯಿತು ಎಂದುಕೊಂಡಳೋ ಏನೋ.

ಇಷ್ಟು ನಿನಗೆ ತಿಳಿಸಬೇಕಿತ್ತು. ಇದರ ಮೇಲೆ ಏನು ಬರೆಯಬೇಕೆಂದು ನನಗೆ ಗೊತ್ತಿಲ್ಲ.

ಮರುದಿನವೇ ನಿನ್ನ ಭಾವನ ಜತೆ ನಿಮ್ಮೂರಿನ ಆಸ್ಪತ್ರೆಗೆ ಬಂದು ರಕ್ತ ಕೊಟ್ಟು ಹೋದೆ. ನಿನ್ನ ಮನೆಗೆ ಬರಲಿಲ್ಲ. ಬಂದು ಏನು ಹೇಳಲಿ? ನಿಮ್ಮ ಬೀದಿಯ ತಿರುವಿನವರೆಗೆ ಬಂದಿದ್ದೆವು. ಹಸಿರು ಬಾಗಿಲಿನ ಮನೆ ನಿನ್ನದೇ ತಾನೇ?

ನಿನ್ನ ಅಕ್ಕ


ಜೂನ್ ೮

ಅಕ್ಕನಿಗೆ,

ಹಸಿರು ಬಾಗಿಲೇ. ತಟ್ಟಬಹುದಿತ್ತು.

ನಿನ್ನ ಕಾಗದ ಓದಿದೆ. ಮಡಚಿಟ್ಟೆ. ಊಟ ಮಾಡಿದೆ. ಡಿಪೋಗೆ ಹೋಗಿ ಬಸ್ಸುಗಳ ಹೊತ್ತು ಬರೆದೆ. ಸಂಜೆ ಬಂದು ಮತ್ತೆ ಓದಿದೆ. ಏನೂ ಅನ್ನಿಸುತ್ತಿಲ್ಲ. ಸೋದರಮಾವನ ಮನೆಯ ಜಗಲಿಯಲ್ಲಿ ಕೂತು ತನ್ನ ಕೈಯನ್ನು ತಾನೇ ಬೈಯುತ್ತಿದ್ದ ಹುಡುಗ ಒಬ್ಬನಿದ್ದ. ಅವನಿಗೆ ಹೇಳಬೇಕಾದ ಸುದ್ದಿ ಇದು. ನನಗೆ ತಡವಾಯಿತು.

ಆದರೆ ಒಂದು ವಿಷಯ. ನಿಜವಾಗಿ ಬರುವುದು ಮೂವತ್ತೈದು ದಾಟಿದ ಮೇಲೆ ಎಂದು ಅತ್ತೆ ಹೇಳಿದರೆಂದು ನೀನೇ ಬರೆದಿದ್ದೀ. ಹಾಗಾದರೆ ಇಪ್ಪತ್ಮೂರು ವರ್ಷದ ನಿನ್ನ ಮಗಳು ಬರಿಗೈಯಲ್ಲಿ ಹೇಗೆ ಎತ್ತುತ್ತಾಳೆ? ಅವಳಿಗೆ ಅಷ್ಟು ಬೇಗ ಬಂದಿದ್ದರೆ ಅದು ಬಹಳ ಕೆಟ್ಟದ್ದಂತೆ. ಡಾಕ್ಟರಮ್ಮನನ್ನು ಕೇಳಿದೆ, ಅವರ ಮುಖ ಸಣ್ಣದಾಯಿತು. ಕೂಡಲೇ ಕರೆದುಕೊಂಡು ಬಾ.

ತಮ್ಮ


ಜುಲೈ ೨

ತಮ್ಮನಿಗೆ,

ನನ್ನ ಚೀಟಿ ಬಂತು. ಇದೆ. ಔಷಧಿ ತೆಗೆದುಕೊಳ್ಳಲು ಬರುವ ವಾರ ನಿಮ್ಮೂರಿಗೆ ಬರುತ್ತೇನೆ, ಈ ಸಲ ಬಾಗಿಲು ತಟ್ಟುತ್ತೇನೆ. ಓದಿದಾಗ ನನಗೇನೂ ಆಗಲಿಲ್ಲ. ನಿನ್ನ ಭಾವ ಅತ್ತರು, ಅವರಿಗೆ ನೀರು ಕೊಟ್ಟೆ.

ಮಗಳ ವಿಷಯ ನೀನು ಕೇಳಿದ್ದು ಓದಿದ ಮೇಲೆ ಮಾತ್ರ ನನಗೆ ನಿದ್ದೆ ಹತ್ತಲಿಲ್ಲ. ಅವಳು ಟ್ರೇ ಎತ್ತುವಾಗಲೆಲ್ಲ ನಾನು ಮುಖ ತಿರುಗಿಸಿಕೊಂಡೆ. ಹೇಳಬೇಕು ಎಂದು ಹತ್ತಿರ ಹೋಗುತ್ತಿದ್ದೆ, ಹಿಟ್ಟಿಗೆ ಉಪ್ಪು ಹಾಕಿದೆಯಾ ಎಂದು ಕೇಳಿ ವಾಪಸು ಬರುತ್ತಿದ್ದೆ.

ನಿನ್ನೆ ಮಧ್ಯಾಹ್ನ ಎರಡನೆಯ ಸರದಿಯ ಬನ್ನು ಹೊರಗೆ ಬರುವ ಹೊತ್ತಿಗೆ ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಅವಳು ಎಂದಿನಂತೆ ಎರಡೂ ಅಂಗೈಗೆ ಮೈದಾ ಬಳಿದುಕೊಂಡು ಟ್ರೇ ಎತ್ತಿ, ನಗುತ್ತ ಗಿರಾಕಿಗಳ ಮುಂದೆ ಇಟ್ಟಳು. ಒಳಗೆ ಬಂದವಳು ನಾನಿರುವುದನ್ನು ನೋಡಲಿಲ್ಲ. ನೇರ ಹೋಗಿ ನೀರಿನ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಕಚ್ಚಿಕೊಂಡಿದ್ದಳು.

ಹೋಗಿ ಎರಡೂ ಮಣಿಕಟ್ಟು ಹಿಡಿದು ಮೇಲೆತ್ತಿದೆ. ಮೈದಾ ತೊಳೆದುಹೋಗಿತ್ತು. ಅಂಗೈ ತುಂಬ ಗುಳ್ಳೆ, ಹಳೆಯವು ಒಡೆದು ಒಣಗಿದ ಗುರುತು, ಅದರ ಮೇಲೆ ಹೊಸವು. ಬಂದ ವಾರದಿಂದ ಇಲ್ಲಿಯವರೆಗಿನ ಎಲ್ಲವೂ ಅಲ್ಲೇ ಇತ್ತು. ನಾನು ಅದರ ಮೇಲೆ ಬೆರಳಾಡಿಸಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ, ಬಿಸಿಯೂ ಇಲ್ಲ, ಗುಳ್ಳೆಯೂ ಇಲ್ಲ. ಅವಳ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ. ಆಗ ತಿಳಿಯಿತು.

"ಬೈಬೇಡಮ್ಮ" ಎಂದಳು. "ನಿಂಗೆ ಹೇಳೋಕೆ ಹೆದರಿಕೆ ಆಯ್ತು. ಮಾವನ್ನ ಮನೆಯಿಂದ ಕಳಿಸಿದ್ರಲ್ಲ ಅದೇ ನೆನಪಾಗ್ತಿತ್ತು."

ನಾನು ಬೈಯುತ್ತೇನೆ ಎಂದೇ ಅವಳು ಕಾಯುತ್ತಿದ್ದಳು. ನನ್ನ ಗಂಟಲಿನಿಂದ ಬಂದದ್ದು ಬೈಗುಳವಲ್ಲ, ಏನೋ ಒಂದು ಶಬ್ದ. ಹೊರಗಿನಿಂದ ನಿನ್ನ ಭಾವ ಓಡಿ ಬಂದರು, ಗಿರಾಕಿಗಳು ಇಣುಕಿದರು. ನಿಂತ ನೆಲದಲ್ಲೇ ಕೂತುಬಿಟ್ಟೆ. ಅಳು ನಿಲ್ಲಲಿಲ್ಲ. ಅಪ್ಪನದು, ಅಮ್ಮನದು, ನೀನು ಗಾಡಿ ಹತ್ತಿದ ದಿನದ್ದು ಎಲ್ಲ ಸೇರಿ ಬಂತು. ಮಗಳ ಕೈ ಸುಟ್ಟಿದೆ, ಈ ತಾಯಿಗೆ ಅದರಿಂದ ಸಂತೋಷವಾಗಿದೆ. ಇದನ್ನು ನಿನಗಲ್ಲದೆ ಯಾರಿಗೆ ಬರೆಯಲಿ?

ಆಮೇಲೆ ಎಲ್ಲವನ್ನೂ ಹೇಳಿದೆ. ಅವಳ ರಕ್ತವನ್ನೂ ಸೋಮವಾರ ಕೊಡಿಸುತ್ತೇವೆ. ಇಂದು ಸುಟ್ಟಿತೆಂದು ಮುಂದೆ ಬಾರದು ಎಂದೇನೂ ಇಲ್ಲ, ಅದು ನನಗೆ ಗೊತ್ತಿದೆ. ಚೀಟಿಯಲ್ಲಿ ಏನು ಬರುತ್ತದೋ ಬರಲಿ, ಇದ್ದರೂ ನಮಗಿಂತ ಬಹಳ ಮೊದಲೇ ಅವಳಿಗೆ ಔಷಧಿ ಸಿಗುತ್ತದೆ.

ಮುಲಾಮು ಹಚ್ಚುತ್ತ, "ಈಗಲೂ ಸುಡ್ತಿದೆಯಾ?" ಎಂದು ಕೇಳಿದೆ.

"ತುಂಬಾ ಸುಡ್ತಿದೆ" ಎಂದಳು.

ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಮತ್ತೊಂದು ಸಲ ಎಂದೆ.

ನಿನ್ನ ಅಕ್ಕ